ದೂರದ ಬೆಟ್ಟ, ನೀರಿನ ಬಣ್ಣ

‘ದೂರದ ಬೆಟ್ಟ ನುಣ್ಣಗೆ’ ಎಂದು ನಮ್ಮ ಹಿರಿಯರು ಹೇಳಿದ್ದು ಎಚ್ಚರಿಕೆಯ ಮಾತಾಗಿ. ಹತ್ತಿರ ಹೋಗಿ ನೋಡಿದರೆ ಅಲ್ಲಿರುವುದು ಕಲ್ಲು, ಮುಳ್ಳು, ಕೊರಕಲು. ದೂರದ ಅಂದಕ್ಕೆ ಮರುಳಾಗಬೇಡ ಎಂಬುದು ಗಾದೆಯ ಅಭಿಪ್ರಾಯ. ಮನೆಯಲ್ಲಿ ಸಂಬಂಧದ ಮಾತು ನಡೆಯುವಾಗಲೂ, ಪರವೂರಿನ ನೌಕರಿಯ ಪ್ರಸ್ತಾಪ ಬಂದಾಗಲೂ ಈ ಗಾದೆಯನ್ನು ನಾವು ಎಷ್ಟು ಸಲ ಕೇಳಿಲ್ಲ! ಆದರೆ ಈ ಮಾತನ್ನು ಎಚ್ಚರಿಕೆಯೆಂದು ತಿಳಿಯದೆ, ಅಕ್ಷರಶಃ ನಂಬಿ, ಅದರ ಹಿಂದೆಯೇ ಬಾಳೆಲ್ಲ ನಡೆದ ಒಂದು ಜಾತಿಯ ಜನರುಂಟು. ಅವರೇ ನಿಸರ್ಗದ ಚಿತ್ರಗಾರರು. ಬೆಟ್ಟ ನುಣ್ಣಗಿಲ್ಲ ಎಂಬುದು ಎಷ್ಟು ನಿಜವೋ, ಅದು ನುಣ್ಣಗೆ, ನೀಲಿಯಾಗಿ ಕಾಣುತ್ತದೆ ಎಂಬುದೂ ಅಷ್ಟೇ ನಿಜ ಎಂದು ಅವರು ಕಂಡುಕೊಂಡರು. ಬೆಟ್ಟಕ್ಕೂ ಕಣ್ಣಿಗೂ ನಡುವೆ ಇರುವ ಗಾಳಿಯನ್ನು, ಮಂಜನ್ನು, ಬೆಳಕನ್ನು ಒಂದು ಹಾಳೆ ಕಾಗದದ ಮೇಲೆ ಬರಿಯ ನೀರು ಮತ್ತು ಚಿಟಿಕೆ ಬಣ್ಣದಿಂದ ಹಿಡಿಯಲು ಅವರು ಪಟ್ಟ ಪಾಡನ್ನೂ, ಹಾಗೆ ಹಿಡಿದ ಚಿತ್ರಗಳಿಗೆ ಮುಂದೆ ಒದಗಿದ ಗತಿಯನ್ನೂ ಇಲ್ಲಿ ಸ್ವಲ್ಪ ನೋಡೋಣ.

ಮೊದಲು ಬೆಟ್ಟ ನೀಲಿಯಾಗಿ ಕಾಣುವುದೇಕೆ ಎಂಬುದು ತಿಳಿಯಬೇಕು. ಇದನ್ನು ನಿಮ್ಮ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಅದಕ್ಕೆ ನಾಲ್ಕಾರು ಹನಿ ಹಾಲು ಬಿಡಿ. ಒಂದು ಪಕ್ಕದಿಂದ ಬೆಳಕು ಬೀಳಿಸಿ, ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿದರೆ ನೀರು ನಸುನೀಲಿಯಾಗಿ ತೋರುತ್ತದೆ. ಅದೇ ಲೋಟದ ಮೂಲಕ ನೇರವಾಗಿ ದೀಪವನ್ನು ನೋಡಿದರೆ ದೀಪ ಕೆಂಪಡರಿದ ಹಳದಿಯಾಗಿ ಕಾಣುತ್ತದೆ. ಸೂಕ್ಷ್ಮವಾದ ಕಣಗಳು ಬೆಳಕಿನಲ್ಲಿರುವ ನೀಲಿಯ ಅಂಶವನ್ನು ಹೆಚ್ಚಾಗಿ ಚದರಿಸುತ್ತವೆ, ಕೆಂಪನ್ನು ಮುಂದಕ್ಕೆ ಬಿಡುತ್ತವೆ. ಕತ್ತಲ ಬೆಟ್ಟಕ್ಕೂ ನಮಗೂ ನಡುವೆ ಹತ್ತಾರು ಮೈಲಿ ಗಾಳಿಯಿದ್ದರೆ, ಆ ಗಾಳಿಯಲ್ಲಿ ಚದರಿದ ನೀಲಿ ಬೆಳಕು ತೆಳುವಾದ ಪರದೆಯಂತೆ ಬೆಟ್ಟದ ಮೇಲೆ ಇಳಿಬೀಳುತ್ತದೆ. ಸಂಜೆಯ ಸೂರ್ಯ ಕೆಂಪಾಗುವುದೂ ಇದೇ ಕಾರಣದಿಂದ. ಇಂಗ್ಲೆಂಡಿನ ವಿಜ್ಞಾನಿ ರೇಲಿ ಇದರ ಲೆಕ್ಕವನ್ನು ಗಣಿತದಿಂದ ತೋರಿಸಿದ್ದು ೧೮೭೧ರಲ್ಲಿ. ಆದರೆ ಅದಕ್ಕೆ ಸುಮಾರು ನಾಲ್ಕು ಶತಮಾನಗಳ ಹಿಂದೆಯೇ ಇಟಲಿಯ ಲಿಯೊನಾರ್ಡೊ ಡ ವಿಂಚಿ, ಬೆಟ್ಟ ದೂರವಾದಷ್ಟೂ ಅದಕ್ಕೆ ನೀಲಿಯನ್ನು ಹೆಚ್ಚಿಸಬೇಕೆಂದು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಕಾರಣ ತಿಳಿಯುವ ಮೊದಲೇ ಚಿತ್ರಗಾರನ ಕಣ್ಣಿಗೆ ಪರಿಣಾಮ ತಿಳಿದಿತ್ತು.

ತಿಳಿದದ್ದನ್ನು ಬರೆಯುವುದು ಹೇಗೆ? ಇಲ್ಲಿಯೇ ನೀರಿನ ಬಣ್ಣದ ವಿಶೇಷ. ತೈಲವರ್ಣದಲ್ಲಿ ಬಿಳುಪು ಬೇಕಾದರೆ ಬಿಳಿಯ ಬಣ್ಣವನ್ನು ಮೆತ್ತಬೇಕು. ಜಲವರ್ಣದಲ್ಲಿ ಬಿಳುಪು ಕಾಗದವೇ. ತೆಳುವಾದ ಬಣ್ಣದ ಪೊರೆಯನ್ನು ಹಾಯ್ದು ಬೆಳಕು ಕಾಗದಕ್ಕೆ ತಾಗಿ, ಮತ್ತೆ ಅದೇ ಪೊರೆಯ ಮೂಲಕ ಹೊರಬಂದು ನಮ್ಮ ಕಣ್ಣನ್ನು ಸೇರುತ್ತದೆ. ಸಂಗೀತಕ್ಕೆ ತಂಬೂರಿಯ ಶ್ರುತಿ ಹೇಗೋ ಈ ಚಿತ್ರಕ್ಕೆ ಕಾಗದದ ಬಿಳುಪು ಹಾಗೆ. ಹಾಡುಗಾರ ಸುಮ್ಮನಿದ್ದಾಗಲೂ ಶ್ರುತಿ ಕೇಳುತ್ತಿರುತ್ತದೆ. ಕುಂಚ ಮುಟ್ಟದ ಕಡೆಯಲ್ಲೂ ಕಾಗದ ಬೆಳಗುತ್ತಿರುತ್ತದೆ. ಕಣಿವೆಯಲ್ಲಿ ಮಂಜು ತುಂಬಿದೆ ಎನ್ನಬೇಕಾದರೆ ಚಿತ್ರಗಾರ ಅಲ್ಲಿ ಮಂಜನ್ನು ಬರೆಯುವುದಿಲ್ಲ. ಕಾಗದವನ್ನು ಹಾಗೆಯೇ ಬಿಡುತ್ತಾನೆ.

ಮನೆಯ ಮಕ್ಕಳ ಹತ್ತಿರ ಬಣ್ಣದ ಡಬ್ಬಿಯಿದ್ದರೆ ಒಮ್ಮೆ ಪ್ರಯತ್ನಿಸಿ ನೋಡಿ. ದಪ್ಪ ಕಾಗದವನ್ನು ಹಲಗೆಗೆ ಅಂಟಿಸಿ, ಹಲಗೆಯನ್ನು ನಿಮ್ಮ ಕಡೆಗೆ ತುಸು ಓರೆಮಾಡಿ, ಕಾಗದವನ್ನು ನೀರಿನಿಂದ ಒದ್ದೆಮಾಡಿಕೊಳ್ಳಿ. ಎಲ್ಲಕ್ಕಿಂತ ದೂರದ ಸಾಲನ್ನು ಅತಿ ತೆಳುವಾದ ನೀಲಿಯಿಂದ ಎಳೆದು, ಅದರ ಬುಡವನ್ನು ಬರಿಯ ನೀರಿನ ಕುಂಚದಿಂದ ಕರಗಿಸಿಬಿಡಿ. ಅದು ಒಣಗಿದ ಮೇಲೆ ಮುಂದಿನ ಸಾಲು. ಬಣ್ಣ ಒಂದಿಷ್ಟು ಗಾಢ, ನೀಲಿಗೆ ತುಸು ಕಾವಿಯ ಬೆರಕೆ. ಅದರ ಬುಡವೂ ಕರಗಲಿ. ಹೀಗೆ ನಾಲ್ಕು ಸಾಲಾಗುವಷ್ಟರಲ್ಲಿ ನಿಮ್ಮ ಕಾಗದದ ಮೇಲೆ ಗಾಳಿ ಸುಳಿದಾಡತೊಡಗುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಒಣಗುವ ಮೊದಲೇ ಕುಂಚವಿಟ್ಟರೆ ಎಲ್ಲವೂ ಕಲಸಿಹೋಗುತ್ತದೆ. ಒಣಗಿದ ಮೇಲೆ ತಿದ್ದಿದರೆ ಬಣ್ಣ ಕೊಳೆಯಾಗುತ್ತದೆ. ಸರಿಯಾದ ಗಳಿಗೆಯನ್ನು ಕಾದುಕೊಳ್ಳುವುದರಲ್ಲೇ ವಿದ್ಯೆಯೆಲ್ಲ ಇದೆ.

ಮಂಜನ್ನು ಖಾಲಿ ಬಿಟ್ಟು ತೋರಿಸುವ ಜಾಣ್ಮೆಯಲ್ಲಿ ಚೀನದವರು ಎಲ್ಲರಿಗಿಂತ ಹಿರಿಯರು. ಗುವೊ ಷಿ ಎಂಬ ಆಸ್ಥಾನದ ಕಲಾವಿದ ೧೦೭೨ರಲ್ಲಿ ರೇಷ್ಮೆಯ ಮೇಲೆ ಮಸಿಯಿಂದ ಬರೆದ ‘ವಸಂತದ ಆರಂಭ’ ಎಂಬ ಚಿತ್ರದಲ್ಲಿ ಬೆಟ್ಟಗಳು ಬರೆಯದೆ ಬಿಟ್ಟ ಜಾಗದಿಂದಲೇ ಮೇಲೇಳುತ್ತವೆ. ಯೂರೋಪಿನಲ್ಲಿ ಈ ದೃಷ್ಟಿ ಬಂದದ್ದು ತಡವಾಗಿ. ಜರ್ಮನಿಯ ಡ್ಯೂರರ್ ೧೪೯೪-೯೫ರ ಸುಮಾರಿನಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಹೋಗಿಬಂದಾಗ ದಾರಿಯ ಊರು ಕಣಿವೆಗಳನ್ನು ನೀರಿನ ಬಣ್ಣದಲ್ಲಿ ಬರೆದುಕೊಂಡ. ಅವು ಇಂದಿಗೂ ನೋಡಲು ತಾಜಾ ಆಗಿವೆ. ಆದರೆ ಆ ದಾರಿಯಲ್ಲಿ ಮುಂದೆ ನಡೆದವರು ಬಹಳ ಕಾಲ ಹೆಚ್ಚು ಮಂದಿಯಿರಲಿಲ್ಲ. ನೀರಿನ ಬಣ್ಣವೆಂದರೆ ಭೂಪಟಕ್ಕೆ ತುಂಬುವ ಬಣ್ಣ, ಗಿಡಮೂಲಿಕೆಯ ಪುಸ್ತಕಕ್ಕೆ ಹಚ್ಚುವ ಬಣ್ಣ ಎಂದೇ ಎಣಿಕೆಯಾಗಿತ್ತು.

ಈ ಎಣಿಕೆ ಬದಲಾದದ್ದು ೧೮ನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅದೂ ಭೂಪಟದ ಬಾಗಿಲಿನಿಂದಲೇ. ೧೭೪೫ರ ದಂಗೆಯನ್ನು ಅಡಗಿಸಿದ ಮೇಲೆ ಸ್ಕಾಟ್ಲೆಂಡಿನ ಗುಡ್ಡಗಾಡನ್ನು ಸೈನ್ಯ ಅಳತೆ ಮಾಡಿಸಿತು. ಆ ಮೋಜಣಿಯಲ್ಲಿ ನಕ್ಷೆ ಬರೆಯಲು ೧೭೪೭ರಲ್ಲಿ ಸೇರಿದ ಹುಡುಗ ಪಾಲ್ ಸ್ಯಾಂಡ್‌ಬಿ. ಹಗಲೆಲ್ಲ ನಕ್ಷೆ, ಬಿಡುವಿನಲ್ಲಿ ಕಂಡ ಬೆಟ್ಟದ, ಜನರ ಚಿತ್ರ. ಮುಂದೆ ಅವನು ೧೭೬೮ರಲ್ಲಿ ಸ್ಥಾಪಿತವಾದ ರಾಯಲ್ ಅಕಾಡೆಮಿಯ ಮೊದಲ ಸದಸ್ಯರಲ್ಲಿ ಒಬ್ಬನಾದ. ಆದರೂ ಅಂದಿನ ಪದ್ಧತಿ ನಕ್ಷೆಯ ಪದ್ಧತಿಯೇ: ಮೊದಲು ಗೆರೆ, ಗೆರೆಯೊಳಗೆ ಬೂದು ನೆರಳು, ಅದರ ಮೇಲೆ ತೆಳುವಾದ ಬಣ್ಣ. ನಮ್ಮ ನಾಡಿನ ಬೆಟ್ಟಗಳು ಇಂಗ್ಲಿಷರ ಕಾಗದವನ್ನು ಸೇರಿದ್ದೂ ಇಂಥ ಸೈನ್ಯದ ಜೊತೆಯಲ್ಲೇ. ಟಿಪ್ಪುವಿನ ಮೇಲೆ ೧೭೯೧-೯೨ರಲ್ಲಿ ನಡೆದ ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಕಲಾವಿದ ಸಾವನದುರ್ಗವೇ ಮೊದಲಾದ ದೃಶ್ಯಗಳನ್ನು ಬರೆದು, ೧೭೯೪ರಲ್ಲಿ ಮೈಸೂರು ಸೀಮೆಯ ನೋಟಗಳ ಪುಸ್ತಕವಾಗಿ ಪ್ರಕಟಿಸಿದ. ಕೋಟೆಯ ಬೆಟ್ಟವನ್ನು ನೋಡುವವನಿಗೆ ಬಂಡೆ ಎಲ್ಲಿ, ಗೋಡೆ ಎಲ್ಲಿ, ಹತ್ತುವ ದಾರಿ ಎಲ್ಲಿ ಎಂಬುದೇ ಮುಖ್ಯ. ಅವನಿಗೆ ಮಂಜು ಅಡ್ಡಿ.

ಮಂಜನ್ನೇ ವಿಷಯವಾಗಿ ಮಾಡಿಕೊಂಡವರು ಒಬ್ಬ ತಂದೆ, ಒಬ್ಬ ಮಗ. ತಂದೆ ಅಲೆಕ್ಸಾಂಡರ್ ಕಜನ್ಸ್ ತನ್ನ ಶಿಷ್ಯರಿಗೆ ಒಂದು ವಿಚಿತ್ರವಾದ ಪಾಠ ಹೇಳುತ್ತಿದ್ದ. ಮೊದಲು ಕಾಗದದ ಮೇಲೆ ಮಸಿಯ ಕಲೆಗಳನ್ನು ಧಾರಾಳವಾಗಿ ಹಾಕಿ; ಆಮೇಲೆ ಅವುಗಳಲ್ಲಿ ಬೆಟ್ಟ, ಮೋಡ, ಮರಗಳನ್ನು ಹುಡುಕಿ ಚಿತ್ರ ಕಟ್ಟಿ ಎಂದು. ಗೋಡೆಯ ಮೇಲಿನ ಸುಣ್ಣದ ಕಲೆಯಲ್ಲಿ ಆನೆ ಕುದುರೆಗಳನ್ನು ಕಾಣುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ! ಮಗ ಜಾನ್ ರಾಬರ್ಟ್ ಕಜನ್ಸ್ ೧೭೭೬ರಲ್ಲಿ ರಿಚರ್ಡ್ ಪೇನ್ ನೈಟ್ ಎಂಬ ಸಿರಿವಂತನ ಜೊತೆ ಆಲ್ಪ್ಸ್ ಪ್ರದೇಶಕ್ಕೆ ಹೋದ. ಅವನ ಚಿತ್ರಗಳಲ್ಲಿ ಬಣ್ಣ ಬಹಳ ಕಡಿಮೆ. ನೀಲಿ, ಬೂದು, ಮಾಸಲು ಹಸುರು ಇಷ್ಟೇ. ಗೆರೆಯ ಬೇಲಿ ಇಲ್ಲಿ ಸಡಿಲವಾಯಿತು. ಬೆಟ್ಟದ ಗಾತ್ರವೂ ಅದರ ಮೌನವೂ ಬಣ್ಣದ ಪೊರೆಯಲ್ಲೇ ಮೂಡಿದವು. ಆದರೆ ೧೭೯೪ರಲ್ಲಿ ಅವನಿಗೆ ಬುದ್ಧಿಭ್ರಮೆಯಾಯಿತು. ಬೆತ್ಲೆಮ್ ಆಸ್ಪತ್ರೆಯ ವೈದ್ಯ ಡಾಕ್ಟರ್ ಥಾಮಸ್ ಮನ್ರೋ ಅವನನ್ನು ನೋಡಿಕೊಂಡ. ೧೭೯೭ರಲ್ಲಿ, ನಲವತ್ತೈದರ ಪ್ರಾಯದಲ್ಲಿ, ಅವನು ತೀರಿಕೊಂಡ.

ಈ ವೈದ್ಯನ ಮನೆಯಿಂದಲೇ ಕಥೆ ಮುಂದುವರಿಯುತ್ತದೆ. ಮನ್ರೋ ಚಿತ್ರಗಳ ಹುಚ್ಚಿನವನು. ಲಂಡನ್ನಿನಲ್ಲಿ ತನ್ನ ಮನೆಗೆ ಸಂಜೆ ಆರರಿಂದ ಹತ್ತರವರೆಗೆ ಬಡ ಹುಡುಗರನ್ನು ಕರೆಸಿ, ದೀಪದ ಬೆಳಕಿನಲ್ಲಿ ಕಜನ್ಸನ ಚಿತ್ರಗಳನ್ನು ನಕಲು ಮಾಡಿಸುತ್ತಿದ್ದ. ಹಾಗೆ ಬಂದವರಲ್ಲಿ ಇಬ್ಬರು ಥಾಮಸ್ ಗರ್ಟಿನ್ ಮತ್ತು ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್. ಇಬ್ಬರೂ ೧೭೭೫ರಲ್ಲಿ ಹುಟ್ಟಿದವರು. ಒಬ್ಬ ಕುಂಚ ಮಾಡುವವನ ಮಗ, ಇನ್ನೊಬ್ಬ ಕ್ಷೌರಿಕನ ಮಗ. ಗರ್ಟಿನ್ ಗೆರೆ ಎಳೆಯುವುದು, ಟರ್ನರ್ ನೆರಳು ಬಣ್ಣ ತುಂಬುವುದು. ಟರ್ನರನಿಗೆ ಸಂಜೆಯೊಂದಕ್ಕೆ ಮೂರೂವರೆ ಷಿಲಿಂಗು. ಹೀಗೆ ಮೂರು ವರ್ಷ ನಡೆಯಿತು. ತಮಗೆ ನೋಡಲು ಅನುಕೂಲವಿಲ್ಲದ ಆಲ್ಪ್ಸ್ ಬೆಟ್ಟಗಳನ್ನು ಆ ಹುಡುಗರು ಮತಿಗೆಟ್ಟ ಹಿರಿಯನೊಬ್ಬನ ಕೈಬರಹದ ಮೂಲಕ ನೋಡಿದರು. ಗರ್ಟಿನ್ ೨೭ನೆಯ ವಯಸ್ಸಿನಲ್ಲೇ, ೧೮೦೨ರಲ್ಲಿ, ಸತ್ತುಹೋದ. ಅವನು ಬದುಕಿದ್ದರೆ ನನಗೆ ಉಪವಾಸವೇ ಗತಿಯಾಗುತ್ತಿತ್ತು ಎಂದು ಟರ್ನರ್ ಹೇಳುತ್ತಿದ್ದನೆಂದು ಪ್ರತೀತಿ. ಗೆಳೆಯ ತೀರಿಕೊಂಡ ಆ ವರ್ಷವೇ, ಫ್ರಾನ್ಸಿನೊಡನೆ ಯುದ್ಧ ನಿಂತಿದ್ದ ಅಲ್ಪಕಾಲದಲ್ಲಿ, ಟರ್ನರ್ ಸಮುದ್ರ ದಾಟಿ ಸ್ವಿಟ್ಜರ್ಲೆಂಡಿನ ಬೆಟ್ಟಗಳನ್ನು ತನ್ನ ಕಣ್ಣಿನಿಂದಲೇ ಕಂಡ.

ಸಾಧನಗಳ ಮಾತನ್ನು ಮರೆಯಬಾರದು. ಹಳೆಯ ಕಾಗದದ ಮೇಲೆ ಅಚ್ಚಿನ ತಂತಿಗಳ ಗೀರುಗಳಿರುತ್ತಿದ್ದವು. ನೀರಿನ ಬಣ್ಣ ಆ ಗೀರುಗಳಲ್ಲಿ ಹೋಗಿ ನಿಲ್ಲುತ್ತಿತ್ತು. ಕೆಂಟ್ ಪ್ರಾಂತದ ಜೇಮ್ಸ್ ವಾಟ್‌ಮನ್ ನುಣ್ಣನೆಯ ನೇಯ್ಗೆಯ ಜಾಲರಿಯ ಮೇಲೆ ಕಾಗದ ಎತ್ತುವುದನ್ನು ರೂಢಿಗೆ ತಂದ. ೧೭೫೭ರಲ್ಲಿ ಬಾಸ್ಕರ್‌ವಿಲ್ ಅಚ್ಚುಹಾಕಿದ ವರ್ಜಿಲ್ ಕವಿಯ ಗ್ರಂಥದಲ್ಲಿ ಅಂಥ ಕಾಗದವಿತ್ತು. ಚಿಂದಿ ಬಟ್ಟೆಯಿಂದ ಮಾಡಿ, ಚರ್ಮ ಬೇಯಿಸಿ ತೆಗೆದ ಅಂಟಿನಲ್ಲಿ ಅದ್ದಿ ಒಣಗಿಸಿದ ಈ ಕಾಗದ ತೊಳೆದರೂ, ಉಜ್ಜಿದರೂ, ಕೆರೆದರೂ ತಡೆದುಕೊಳ್ಳುತ್ತಿತ್ತು. ಬಣ್ಣವನ್ನು ಕಲ್ಲಿನ ಮೇಲೆ ಅರೆದುಕೊಳ್ಳುವ ಕಷ್ಟವನ್ನು ತಪ್ಪಿಸಿದವರು ರೀವ್ಸ್ ಸಹೋದರರು. ಅವರ ಬಣ್ಣದ ಬಿಲ್ಲೆಗಳಿಗೆ ೧೭೮೧ರಲ್ಲಿ ಲಂಡನ್ನಿನ ಕಲಾ ಸೊಸೈಟಿ ಬಹುಮಾನ ಕೊಟ್ಟಿತು. ಬಿಲ್ಲೆಯೊಂದು ಜೇಬಿಗೆ ಬಂದ ಮೇಲೆ ಚಿತ್ರಗಾರ ಬೆಟ್ಟದ ಬುಡಕ್ಕೆ ಹೋದ. ಇಷ್ಟಾದರೂ ತೈಲಚಿತ್ರದ ಪಕ್ಕದಲ್ಲಿ ಜಲವರ್ಣಕ್ಕೆ ಪಂಕ್ತಿಯ ಕೊನೆಯ ಎಲೆಯೇ. ಆ ಬೇಸರದಿಂದ ಜಲವರ್ಣದವರು ೧೮೦೪ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಈ ಕಲೆ ಏನನ್ನು ಸಾಧಿಸಿತು ಎಂಬುದಕ್ಕೆ ಒಂದೇ ಚಿತ್ರ ಸಾಕು. ೧೮೪೧ರಿಂದ ೧೮೪೪ರವರೆಗೆ, ಅರವತ್ತೈದು ದಾಟಿದ ಟರ್ನರ್ ಪ್ರತಿ ಬೇಸಗೆಯಲ್ಲೂ ಸ್ವಿಟ್ಜರ್ಲೆಂಡಿಗೆ ಹೋಗಿಬಂದ. ಲೂಸರ್ನ್ ಊರಿನಲ್ಲಿ ಸರೋವರದ ಆಚೆಗೆ ರೀಗಿ ಎಂಬ ಬೆಟ್ಟವಿದೆ. ಎತ್ತರ ಸುಮಾರು ೧೮೦೦ ಮೀಟರು. ಅದೇ ಬೆಟ್ಟವನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಮತ್ತೆ ಮತ್ತೆ ನೋಡಿ, ೧೮೪೨ರಲ್ಲಿ ಮೂರು ದೊಡ್ಡ ಜಲವರ್ಣಗಳನ್ನು ಮುಗಿಸಿದ. ಇವುಗಳಲ್ಲಿ ‘ನೀಲಿ ರೀಗಿ’ ಸೂರ್ಯೋದಯಕ್ಕೆ ಮುಂಚಿನ ನೋಟ. ಬೆಟ್ಟವೆಂದರೆ ಒಂದೇ ನೀಲಿಯ ರಾಶಿ. ಅದರ ಹಿಂದೆ ಹೊಂಬಣ್ಣ ಈಗಷ್ಟೇ ಮೂಡುತ್ತಿದೆ. ಮೇಲೆ ಬೆಳ್ಳಿ ನಕ್ಷತ್ರ. ಸರೋವರದ ಮೇಲೆ ಹಬೆ. ಮುಂದುಗಡೆ ಮಾತ್ರ ಗದ್ದಲ: ನಾಯಿಗಳು ನೀರಿಗೆ ಹಾರುತ್ತಿವೆ, ಬೆದರಿದ ಬಾತುಗಳು ಮೇಲೇಳುತ್ತಿವೆ. ಒದ್ದೆ ಕಾಗದದ ಮೇಲೆ ಅಗಲವಾದ ಪೊರೆಗಳನ್ನು ಒಂದರ ಮೇಲೊಂದು ಇಳಿಸಿ, ಒಣಗಿದ ಮೇಲೆ ಕೂದಲೆಳೆಯಂಥ ಸಣ್ಣ ಸಣ್ಣ ಗೀಟುಗಳಿಂದ ಟರ್ನರ್ ಇದನ್ನು ತುಂಬಿದ. ಮಿನುಗುವ ಬೆಳಕು ಬೇಕಾದ ಕಡೆ ಬಣ್ಣವನ್ನು ಕೆರೆದು ಕಾಗದವನ್ನೇ ಮೇಲೆ ತರುವುದು ಅವನ ಅಭ್ಯಾಸ. ಅದಕ್ಕಾಗಿ ಹೆಬ್ಬೆರಳಿನ ಉಗುರನ್ನೇ ಬಳಸುತ್ತಿದ್ದನೆಂದು ಕಂಡವರು ಬರೆದಿದ್ದಾರೆ.

ಆ ವರ್ಷ ಟರ್ನರ್ ಹೀಗೆ ಹತ್ತು ಸ್ವಿಸ್ ಚಿತ್ರಗಳಿಗೆ ಗಿರಾಕಿಗಳನ್ನು ಹುಡುಕಿಸಿದ. ಅವನ ಹಳೆಯ ಅಭಿಮಾನಿಗಳೇ ಹಿಂಜರಿದರು; ಇದು ನಮಗೆ ಗೊತ್ತಿದ್ದ ಟರ್ನರನ ರೀತಿಯಲ್ಲ ಎಂದರು. ಚಿತ್ರವೊಂದಕ್ಕೆ ಎಂಬತ್ತು ಗಿನಿಗಿಂತ ಹೆಚ್ಚು ಹುಟ್ಟಲಿಲ್ಲ ಎಂಬುದು ವಿಮರ್ಶಕ ಜಾನ್ ರಸ್ಕಿನ್ನನ ಬರಹದಿಂದ ತಿಳಿಯುತ್ತದೆ. ಕಾಲ ಹೇಗೆ ತಿರುಗುತ್ತದೆ ನೋಡಿ. ೨೦೦೬ರಲ್ಲಿ ‘ನೀಲಿ ರೀಗಿ’ ಹರಾಜಿಗೆ ಬಂದಾಗ ೫೮ ಲಕ್ಷ ಪೌಂಡಿಗೆ ಹೋಯಿತು. ಅದು ದೇಶ ಬಿಟ್ಟು ಹೋಗಬಾರದೆಂದು ಬ್ರಿಟನ್ನಿನ ಜನ ಕುಂಚದ ಗೀಟೊಂದಕ್ಕೆ ಐದು ಪೌಂಡಿನಂತೆ ವಂತಿಗೆ ಕೂಡಿಸಿದರು. ೨೦೦೭ರಲ್ಲಿ ೪೯ ಲಕ್ಷ ೫೦ ಸಾವಿರ ಪೌಂಡಿಗೆ ಅದನ್ನು ಟೇಟ್ ಚಿತ್ರಶಾಲೆ ಕೊಂಡುಕೊಂಡಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆನ್ನುವಂತಿಲ್ಲ. ಯಾವ ಬೆಳಕನ್ನು ಹಿಡಿಯಲು ಇಷ್ಟೆಲ್ಲ ಸಾಹಸವಾಯಿತೋ ಆ ಬೆಳಕೇ ಚಿತ್ರಕ್ಕೆ ಶತ್ರುವಾಯಿತು. ದೂರದ ಬೆಟ್ಟಕ್ಕೂ ಮಳೆಮೋಡಕ್ಕೂ ಬೂದುಬಣ್ಣ ಬೇಕು. ಅಂದಿನವರು ನೀಲಿಗಿಡದಿಂದ ಬಂದ ನೀಲಿಗೆ ಕೆಂಗಾವಿಯನ್ನು ಬೆರೆಸಿ ಅದನ್ನು ಮಾಡಿಕೊಳ್ಳುತ್ತಿದ್ದರು. ಈ ನೀಲಿಗೆ ಇಂಗ್ಲಿಷಿನಲ್ಲಿರುವ ಇಂಡಿಗೋ ಎಂಬ ಹೆಸರು ನಮ್ಮ ದೇಶದ ಹೆಸರಿನಿಂದಲೇ ಹುಟ್ಟಿದ್ದು. ಕಾವಿಯೆಂದರೆ ಮಣ್ಣು, ಅದು ಬೆಳಕಿಗೆ ಜಗ್ಗುವುದಿಲ್ಲ. ಗಿಡದ ನೀಲಿ ತೆಳುವಾಗಿ ಹಚ್ಚಿದಾಗ ಬೆಳಕಿನಲ್ಲಿ ಮೆಲ್ಲಮೆಲ್ಲನೆ ಹಾರಿಹೋಗುತ್ತದೆ. ಪರಿಣಾಮವಾಗಿ ಗರ್ಟಿನ್ನನ ಎಷ್ಟೋ ಚಿತ್ರಗಳಲ್ಲಿ ತಣ್ಣನೆಯ ಬೂದು ಮೋಡಗಳು ಇಂದು ಕೆಂಪಾಗಿ ನಿಂತಿವೆ. ಸಂಜೆಯ ಕೆಂಪೆಂದು ನಾವು ಮೆಚ್ಚಿಕೊಳ್ಳುವುದು ನಿಜವಾಗಿ ಮಧ್ಯಾಹ್ನದ ಮಳೆಮೋಡವಿರಬಹುದು! ಟರ್ನರನೂ ಎಚ್ಚರ ವಹಿಸಿದವನಲ್ಲ. ನಿಲ್ಲದ ಬಣ್ಣಗಳನ್ನು ಬಳಸುತ್ತೀರಲ್ಲ ಎಂದು ಬಣ್ಣದ ವ್ಯಾಪಾರಿ ವಿನ್ಸರ್ ಆಕ್ಷೇಪಿಸಿದಾಗ, ಬಣ್ಣ ಮಾಡುವುದು ನಿನ್ನ ಕೆಲಸ, ಬಳಸುವುದು ನನ್ನದು ಎಂದು ಅವನು ಬಾಯಿ ಮುಚ್ಚಿಸಿದನಂತೆ.

ಈ ವಿಚಾರ ೧೮೮೬ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ದೊಡ್ಡ ವಾಗ್ವಾದವಾಯಿತು. ಗೋಡೆಗೆ ತೂಗುಹಾಕಿದ ಜಲವರ್ಣಗಳು ಹಾಳಾಗುತ್ತಿವೆ ಎಂದು ಜೆ. ಸಿ. ರಾಬಿನ್ಸನ್ ಬರೆದರೆ, ರಸ್ಕಿನ್ ಅವನನ್ನು ಎದುರಿಸಿದ. ಕೊನೆಗೆ ಸರಕಾರ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳಿಗೆ ಪರೀಕ್ಷೆಯನ್ನು ಒಪ್ಪಿಸಿತು. ಬಣ್ಣ ಹಚ್ಚಿದ ಕಾಗದದ ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು, ತಿಂಗಳುಗಟ್ಟಲೆ ಬಿಸಿಲಿಗೆ ಒಡ್ಡಿ, ೧೮೮೮ರಲ್ಲಿ ಅವರು ವರದಿ ಕೊಟ್ಟರು. ಅನೇಕ ಬಣ್ಣಗಳನ್ನು ಬೆಳಕು ತಿನ್ನುವುದು ನಿಜವೆಂದೂ, ಅದಕ್ಕೆ ಗಾಳಿಯೂ ತೇವವೂ ಜೊತೆಗೂಡುತ್ತವೆಯೆಂದೂ, ಗಾಳಿ ತೆಗೆದ ಕೊಳವೆಯಲ್ಲಿ ಹೆಚ್ಚಿನ ಬಣ್ಣಗಳು ಉಳಿದವೆಂದೂ ಸಿದ್ಧವಾಯಿತು. ಬೆಟ್ಟಕ್ಕೆ ಚೆಲುವು ಕೊಡುವ ಬೆಳಕು, ಗಾಳಿ, ತೇವ ಈ ಮೂರೇ ಬೆಟ್ಟದ ಚಿತ್ರಕ್ಕೆ ಮೃತ್ಯು!

ಈ ತಿಳಿವಳಿಕೆ ವಿಜ್ಞಾನಿಗಳಲ್ಲದವರಿಗೂ ಇತ್ತು. ಹೆನ್ರಿ ವಾಘನ್ ಎಂಬ ಸಂಗ್ರಾಹಕ ೧೯೦೦ರಲ್ಲಿ ಟರ್ನರನ ೩೮ ಜಲವರ್ಣಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗೆ ಉಯಿಲಿನ ಮೂಲಕ ಬಿಟ್ಟುಹೋದ. ಅವನು ಹಾಕಿದ ಷರತ್ತು ಇದು: ಚಿತ್ರಗಳನ್ನೆಲ್ಲ ಒಟ್ಟಿಗೆ, ಉಚಿತವಾಗಿ, ಜನವರಿ ತಿಂಗಳಲ್ಲಿ ಮಾತ್ರ ತೋರಿಸಬೇಕು. ಆ ದೇಶದಲ್ಲಿ ಜನವರಿಯ ಬಿಸಿಲು ಅತ್ಯಂತ ದುರ್ಬಲ. ಉಳಿದ ಹನ್ನೊಂದು ತಿಂಗಳು ಚಿತ್ರಗಳು ಕತ್ತಲೆಯಲ್ಲಿ ಮಲಗಿರುತ್ತವೆ. ಉತ್ಸವಮೂರ್ತಿ ವರ್ಷಕ್ಕೊಮ್ಮೆ ಬೀದಿಗೆ ಬರುವ ಹಾಗೆ, ಪ್ರತಿ ಜನವರಿಯಲ್ಲೂ ಅವು ಜನರ ಮುಂದೆ ಬರುತ್ತವೆ. ನೂರು ವರ್ಷಕ್ಕೂ ಮೀರಿ ನಡೆದ ಈ ವ್ರತದ ಫಲವಾಗಿ ಅವುಗಳ ಬಣ್ಣ ಇನ್ನೂ ಹೊಸದರಂತಿದೆ.

ಇನ್ನು ನಮ್ಮ ಮನೆಯ ಮಾತು. ೧೯೦೩ರಲ್ಲಿ ಯೊಕೊಯಾಮ ತೈಕಾನ್ ಮತ್ತು ಹಿಷಿದ ಷುನ್‌ಸೊ ಎಂಬ ಇಬ್ಬರು ಜಪಾನಿ ಕಲಾವಿದರು ಕಲ್ಕತ್ತಕ್ಕೆ ಬಂದರು. ಅವರು ಕೆಲಸ ಮಾಡುವ ರೀತಿಯನ್ನು ನೋಡಿ ಅವನೀಂದ್ರನಾಥ ಠಾಕೂರರು, ಬಣ್ಣ ಹಚ್ಚಿದ ಕಾಗದವನ್ನೇ ನೀರಿನಲ್ಲಿ ಮೀಯಿಸಿ, ಆರಿಸಿ, ಮತ್ತೆ ಬಣ್ಣವಿಡುವ ಪದ್ಧತಿಯನ್ನು ರೂಪಿಸಿಕೊಂಡರು. ಅವರ ಶಿಷ್ಯರಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತಕ್ಕೆ ಹೋಗಿ ಕಲಿತುಬಂದವರು ಮೈಸೂರಿನ ಕೆ. ವೆಂಕಟಪ್ಪನವರು. ವೀಣೆ ಶೇಷಣ್ಣನವರಲ್ಲಿ ಅವರು ವೀಣೆಯನ್ನೂ ಅಭ್ಯಾಸಮಾಡಿದ್ದು ರೇಡಿಯೋದಲ್ಲಿ ಸಂಗೀತ ಕೇಳುವ ನಿಮಗೆ ಸಂತೋಷ ಕೊಡಬಹುದು. ಮೊದಲು ಪುರಾಣದ ವಿಷಯಗಳನ್ನು ಬರೆದ ವೆಂಕಟಪ್ಪನವರು ಮುಂದೆ ಉದಕಮಂಡಲ, ಕೊಡೈಕಾನಲ್‌ಗಳಲ್ಲಿ ನೆಲೆಸಿ, ಕಣ್ಣೆದುರಿನ ಮಲೆಯನ್ನು, ಕೆರೆಯನ್ನು, ಮುಂಗಾರಿನ ಮೋಡವನ್ನು ಜಲವರ್ಣದಲ್ಲಿ ಬರೆದರು. ನೀಲಗಿರಿ ಎಂಬ ಹೆಸರು ಕುರಿಂಜಿ ಹೂವಿನಿಂದ ಬಂತೆನ್ನುವವರುಂಟು. ಬಯಲಿನಿಂದ ಆ ಬೆಟ್ಟವನ್ನು ನೋಡಿದವರು ಇಟ್ಟ ಹೆಸರೆಂದು ಈ ಲೇಖಕನಿಗೆ ತೋರುತ್ತದೆ. ದೂರದ ಗಾಳಿಯ ಬಣ್ಣವೇ ಹೆಸರಾಗಿ ನಿಂತ ಬೆಟ್ಟವನ್ನು ನಮ್ಮವರೊಬ್ಬರು ನೀರಿನ ಬಣ್ಣದಲ್ಲಿ ಬರೆದದ್ದು ಎಷ್ಟು ಸಹಜ! ೧೯೬೫ರಲ್ಲಿ ಅವರು ತೀರಿಕೊಂಡ ಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಏರ್ಪಟ್ಟಿತು.

ಕೊನೆಯದಾಗಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ ಅಜ್ಜನೋ, ಸೋದರತ್ತೆಯೋ ಎಂದೋ ಬರೆದ ಜಲವರ್ಣವೊಂದು ಗೋಡೆಯ ಮೇಲಿರಬಹುದು. ಇಂದೇ ಅದನ್ನು ಇಳಿಸಿ, ಕಟ್ಟಿನ ಅಂಚಿನಡಿ ಮುಚ್ಚಿಕೊಂಡಿದ್ದ ಭಾಗವನ್ನು ಹೊರಗಿನ ಭಾಗದೊಡನೆ ಹೋಲಿಸಿ ನೋಡಿ. ಬೆಳಕು ಎಷ್ಟನ್ನು ತಿಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಿಟಕಿಯ ಎದುರಿನ ಗೋಡೆಯನ್ನೂ, ಮಳೆಗಾಲದಲ್ಲಿ ಒಸರುವ ಗೋಡೆಯನ್ನೂ ತಪ್ಪಿಸಿ, ನೆರಳಿನ ಜಾಗದಲ್ಲಿ ಅದನ್ನು ತೂಗುಹಾಕಿ. ಚಿತ್ರವನ್ನು ನೋಡಲು ನಾಲ್ಕು ಹೆಜ್ಜೆ ಹತ್ತಿರ ಹೋಗಬೇಕಾದರೂ ಚಿಂತೆಯಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ಕಂಡವರು ಅದನ್ನು ಬಹು ಕಷ್ಟದಿಂದ ಕಾಗದಕ್ಕೆ ಇಳಿಸಿದ್ದಾರೆ. ಮೊಮ್ಮಕ್ಕಳ ಕಣ್ಣಿಗೂ ಅದು ನೀಲಿಯಾಗಿಯೇ ಇರಲಿ.